ನದಿನೀರಿನ ಶುದ್ಧೀಕರಣ ಮತ್ತು ಸಂಗ್ರಹ: ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ

ಹೊಳೆಯಿಂದ ನೀರೆತ್ತಿ, ಕೂಡಿಟ್ಟು, ಅದರ ರಾಡಿಯನ್ನೂ ರೋಗಾಣುಗಳನ್ನೂ ತೆಗೆದು ಮನೆಯ ನಳಕ್ಕೆ ಮುಟ್ಟಿಸುವ ವ್ಯವಸ್ಥೆ. ಬೆಳಗಾವಿ ಜಿಲ್ಲೆಯ ಉತ್ತರ ಅಂಚಿನ ಈ ಐದು ತಾಲ್ಲೂಕುಗಳಿಗೆ ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳೇ ಕುಡಿಯುವ ನೀರಿನ ಮುಖ್ಯ ಆಸರೆ. ನಿಪ್ಪಾಣಿ ಮೊದಲು ಚಿಕ್ಕೋಡಿ ತಾಲ್ಲೂಕಿನಲ್ಲಿತ್ತು, ಕಾಗವಾಡ ಅಥಣಿಯಲ್ಲಿತ್ತು. ಹೊಳೆ ಕಣ್ಣೆದುರಿಗೇ ಇದ್ದರೂ ಮೇ ತಿಂಗಳಲ್ಲಿ ಇಲ್ಲಿನ ಹಲವು ಹಳ್ಳಿಗಳಿಗೆ ಟ್ಯಾಂಕರ್ ಬರುತ್ತದೆ, ಆಗಸ್ಟಿನಲ್ಲಿ ಅದೇ ಹಳ್ಳಿಗಳಿಗೆ ದೋಣಿ ಬರುತ್ತದೆ. ಆದ್ದರಿಂದ ಇಲ್ಲಿ ಯೋಜನೆ ಮಾಡುವವರು ಶುದ್ಧೀಕರಣ ಘಟಕಕ್ಕೆ ಮೊದಲು ಕೆರೆಯ ಲೆಕ್ಕ ಹಾಕಬೇಕು.

ನದಿಗಳ ನಡೆ

ಮಹಾಬಲೇಶ್ವರದಲ್ಲಿ ಹುಟ್ಟುವ ಕೃಷ್ಣೆಗೆ ಕರಾಡದಲ್ಲಿ ಕೊಯ್ನಾ, ಸಾಂಗಲಿಯ ಬಳಿ ವಾರಣಾ, ನರಸೋಬಾವಾಡಿಯಲ್ಲಿ ಪಂಚಗಂಗಾ ಸೇರುತ್ತವೆ. ಶಿರೋಳ ತಾಲ್ಲೂಕಿನ ರಾಜಾಪುರ ಬ್ಯಾರೇಜು ದಾಟಿದ ಮೇಲೆ ನದಿ ಕರ್ನಾಟಕಕ್ಕೆ ಬರುತ್ತದೆ. ವೇದಗಂಗೆಯನ್ನು ಕೂಡಿಕೊಂಡ ದೂಧಗಂಗೆ ಸದಲಗಾ ಕಡೆಯಿಂದ ಹರಿದು ಯಡೂರಿನ ಹತ್ತಿರ ಕೃಷ್ಣೆಗೆ ಸೇರುತ್ತದೆ. ಅಲ್ಲಿಂದ ಮುಂದೆ ನದಿ ಅಂಕಲಿ, ಮಾಂಜರಿ, ಉಗಾರ, ಕುಡಚಿಗಳ ಮೇಲೆ ಹಾದು ಹಿಪ್ಪರಗಿ ಬ್ಯಾರೇಜಿನ ಹಿನ್ನೀರಿಗೆ ಇಳಿಯುತ್ತದೆ. ಹಿಪ್ಪರಗಿಯ ಸಂಗ್ರಹ ಸುಮಾರು 6 ಟಿಎಂಸಿ, ಪೂರ್ಣ ಮಟ್ಟ 524.87 ಮೀಟರ್. ಮೇಲುಗಡೆಯ ದೊಡ್ಡ ಜಲಾಶಯಗಳು, ಅಂದರೆ 105 ಟಿಎಂಸಿಯ ಕೊಯ್ನಾ, 25 ಟಿಎಂಸಿಯ ಕಾಳಮ್ಮವಾಡಿ, ಮತ್ತೆ ವಾರಣಾ, ಎಲ್ಲವೂ ಮಹಾರಾಷ್ಟ್ರದಲ್ಲಿವೆ. ಬೇಸಿಗೆಯಲ್ಲಿ ಅಲ್ಲಿ ಬಾಗಿಲು ತೆರೆದರಷ್ಟೇ ಇಲ್ಲಿ ಹೊಳೆ ಹರಿಯುತ್ತದೆ.

ಮಳೆಗಾಲದ ಕಥೆಯೇ ಬೇರೆ. ಕಲ್ಲೋಳ–ಯಡೂರ, ಮಲಿಕವಾಡ–ದತ್ತವಾಡ, ಕಾರದಗಾ–ಭೋಜ, ಭೋಜವಾಡಿ–ಕುನ್ನೂರ, ಸಿದ್ನಾಳ–ಅಕ್ಕೋಳ, ಜತ್ರಾಟ–ಭೀವಶಿ ಎಂದು ಸಾಲುಸಾಲಾಗಿ ಮುಳುಗುವ ಸೇತುವೆಗಳ ಪಟ್ಟಿ ಜುಲೈ ಬಂದರೆ ಪತ್ರಿಕೆಗಳಲ್ಲಿ ತಪ್ಪುವುದಿಲ್ಲ. ಇವುಗಳಲ್ಲಿ ಬಹಳಷ್ಟು ಬರೀ ಸೇತುವೆಗಳಲ್ಲ, ನೀರು ನಿಲ್ಲಿಸುವ ಬಾಂದಾರಗಳೂ ಹೌದು. ಮಳೆಗಾಲಕ್ಕೆ ಮುನ್ನ ಹಲಗೆ ತೆಗೆದು, ಪೂರ ಇಳಿದ ಮೇಲೆ ಮತ್ತೆ ಹಾಕುವ ಈ ಬಗೆಯ ಬಾಂದಾರಕ್ಕೆ ನೀರಾವರಿ ಎಂಜಿನಿಯರುಗಳು ದೇಶದಲ್ಲೆಲ್ಲ ಕೊಲ್ಲಾಪುರ ಮಾದರಿ ಎಂದೇ ಹೆಸರಿಟ್ಟಿದ್ದಾರೆ. 2005, 2019 ಮತ್ತು 2021ರಲ್ಲಿ ಕೃಷ್ಣೆ ಊರುಗಳನ್ನೇ ಮುಳುಗಿಸಿತು. ವಿನ್ಯಾಸಕಾರ ಬಹಳ ಹೊತ್ತು ನೋಡಬೇಕಾದ ವರ್ಷ 2019. ಆ ಬೇಸಿಗೆಯಲ್ಲಿ ಕೃಷ್ಣೆಯ ಪಾತ್ರ ಒಣಗಿ, ಮಹಾರಾಷ್ಟ್ರ ಇಲ್ಲಿಗೆ 4 ಟಿಎಂಸಿ ಬಿಡುವುದು, ಬದಲಿಗೆ ಕರ್ನಾಟಕ ಜತ್ತ ತಾಲ್ಲೂಕಿಗೆ ಅಷ್ಟೇ ನೀರು ಕೊಡುವುದು ಎಂಬ ಮಾತುಕತೆ ನಡೆಯುತ್ತಿತ್ತು. ಆಗಸ್ಟಿನಲ್ಲಿ ಅದೇ ಪಾತ್ರದಲ್ಲಿ ಮಹಾಪೂರ ಬಂತು. 2023ರ ಮೇ ಕೊನೆಗೆ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಮಹಾರಾಷ್ಟ್ರದ ಮುಖ್ಯಮಂತ್ರಿ ಏಕನಾಥ ಶಿಂದೆಯವರಿಗೆ ಪತ್ರ ಬರೆದು ವಾರಣಾ ಅಥವಾ ಕೊಯ್ನಾದಿಂದ ಕೃಷ್ಣೆಗೆ 2 ಟಿಎಂಸಿ, ಉಜನಿಯಿಂದ ಭೀಮೆಗೆ 3 ಟಿಎಂಸಿ ನೀರು ಬಿಡುವಂತೆ ಕೇಳಿದರು. ಇಂಥ ಪತ್ರ ಅದೇ ಮೊದಲಲ್ಲ.

ಕೂಡಿಡುವ ಲೆಕ್ಕ

ಒಂದು ಬಹುಗ್ರಾಮ ಯೋಜನೆಯನ್ನು ತೆಗೆದುಕೊಳ್ಳೋಣ. ಮೂವತ್ತು ವರ್ಷ ಮುಂದಿನ ಜನಸಂಖ್ಯೆ ಒಂದು ಲಕ್ಷ ಎಂದಿಟ್ಟುಕೊಂಡರೆ, 2019ರಲ್ಲಿ ಆರಂಭವಾದ ಜಲಜೀವನ ಮಿಷನ್ (ಕರ್ನಾಟಕದಲ್ಲಿ ‘ಮನೆ ಮನೆಗೆ ಗಂಗೆ’) ಹೇಳುವ ತಲಾ 55 ಲೀಟರಿನಂತೆ ದಿನಕ್ಕೆ 55 ಲಕ್ಷ ಲೀಟರ್ ಬೇಕು. ಕೊಳವೆಯಲ್ಲಿ ಸೋರಿ ಹೋಗುವ ಶೇ 15ನ್ನು ಸೇರಿಸಿದರೆ ಸುಮಾರು 65 ಲಕ್ಷ ಲೀಟರ್. ಏಪ್ರಿಲ್ ಆರಂಭದಿಂದ ಜೂನ್ ಮಧ್ಯದವರೆಗಿನ 75 ದಿನ ನದಿಯಿಂದ ಒಂದು ಕೊಡವೂ ಬರಲಿಲ್ಲ ಎಂದು ಲೆಕ್ಕ ಹಿಡಿಯಬೇಕು. ಆಗ ಬೇಕಾಗುವುದು 48.75 ಕೋಟಿ ಲೀಟರ್, ಅಂದರೆ 4,87,500 ಘನಮೀಟರ್. ಐದು ಮೀಟರ್ ಆಳದ ಕೆರೆಯಾದರೆ ನೀರಿನ ಹರವು 24 ಎಕರೆ. ಈ ಸೀಮೆಯ ಬೇಸಿಗೆಯಲ್ಲಿ ತೆರೆದ ಕೆರೆಯಿಂದ ದಿನಕ್ಕೆ 6 ಮಿಲಿಮೀಟರ್ ಆವಿಯಾಗುತ್ತದೆಂದರೂ 75 ದಿನಕ್ಕೆ 45 ಸೆಂಟಿಮೀಟರ್ ಹೋಯಿತು, ಕೂಡಿಟ್ಟದ್ದರಲ್ಲಿ ಶೇ 9. ತಳದ ಹೂಳಿಗೂ ಒಂದಿಷ್ಟು ಬಿಡಬೇಕು. ಏರಿಯ ಪಾದವನ್ನೂ ಸೇರಿಸಿದರೆ ಮೂವತ್ತು ಎಕರೆಗಿಂತ ಹೆಚ್ಚು ನೆಲ ಹಿಡಿಯುತ್ತದೆ. ಕಬ್ಬು ಬೆಳೆಯುವ ನೆಲಕ್ಕೆ ಬೆಲೆ ಹೆಚ್ಚು. ಅದಕ್ಕೇ ಕೆರೆಗೆ ನದಿದಂಡೆ ಬಿಟ್ಟು ಗರಸು ಮಡ್ಡಿಯ ಸರಕಾರಿ ಜಾಗ, ಗಾಯರಾಣ (ಗೋಮಾಳ), ಹಳೆಯ ಬಳಕೆಯಿಲ್ಲದ ಕೆರೆ ಹುಡುಕುವುದು ಒಳ್ಳೆಯದು. ಎತ್ತರದ ಮಡ್ಡಿಯಲ್ಲಿ ಕೂಡಿಟ್ಟ ನೀರು ಮುಂದೆ ಹಳ್ಳಿಗಳಿಗೆ ತಾನಾಗಿ ಇಳಿದು ಹೋಗುತ್ತದೆ ಎಂಬ ಲಾಭವೂ ಇದೆ.

ಈ ಲೆಕ್ಕದಲ್ಲಿ ದನಕರು ಬಂದಿಲ್ಲ. ಮನೆಮನೆಯಲ್ಲಿ ಎಮ್ಮೆ ಕಟ್ಟುವ ಸೀಮೆಯಿದು. ಹಾಲು ಡೇರಿಗೆ ಹಾಕಿ ವಾರದ ಸಂತೆ ಮಾಡುವ ಸಂಸಾರಗಳು ಎಷ್ಟೋ. ಲಕ್ಷ ಜನರಿರುವ ಹಳ್ಳಿಗಳಲ್ಲಿ 30,000 ದನ-ಎಮ್ಮೆಗಳಿದ್ದು, ಬೇಸಿಗೆಯಲ್ಲಿ ಒಂದೊಂದೂ ದಿನಕ್ಕೆ 60 ಲೀಟರ್ ಕುಡಿದರೆ ಇನ್ನೂ 18 ಲಕ್ಷ ಲೀಟರ್ ಆಯಿತು. ಕಾಗದದ ಮೇಲೆ 55 ಲೀಟರ್ ಸಾಕಾಗಿ, ಊರಿನಲ್ಲಿ ಸಾಕಾಗದಿರುವುದಕ್ಕೆ ಇದೊಂದು ದೊಡ್ಡ ಕಾರಣ. ಎಮ್ಮೆ ಬಾಯಾರಿ ಒದರುವಾಗ ತಲಾ ಲೀಟರಿನ ಲೆಕ್ಕವನ್ನು ಯಾರೂ ಪಾಲಿಸುವುದಿಲ್ಲ, ಪಾಲಿಸಬೇಕೆಂದು ಕೇಳುವುದೂ ಸರಿಯಲ್ಲ.

ಇದನ್ನೇ ಐದೂ ತಾಲ್ಲೂಕುಗಳಿಗೆ ಹಿಗ್ಗಿಸಿ ನೋಡಬಹುದು. ಲೆಕ್ಕದ ಅನುಕೂಲಕ್ಕೆ 15 ಲಕ್ಷ ಜನ ಎಂದಿಟ್ಟುಕೊಂಡರೆ 75 ದಿನಕ್ಕೆ ಬೇಕಾಗುವ ನೀರು ಸುಮಾರು 731 ಕೋಟಿ ಲೀಟರ್. ಒಂದು ಟಿಎಂಸಿ ಎಂದರೆ 2,831 ಕೋಟಿ ಲೀಟರ್. ಅಂದರೆ ಇಡೀ ಸೀಮೆಯ ಜನರ ಬೇಸಿಗೆಯ ನೀರು ಟಿಎಂಸಿಯ ಕಾಲು ಭಾಗ. ದನಕರು, ಆವಿ, ಹೂಳು ಎಲ್ಲ ಸೇರಿದರೂ ಅರ್ಧ ಟಿಎಂಸಿ ದಾಟುವುದಿಲ್ಲ. ಮಳೆಗಾಲದಲ್ಲಿ ನದಿ ಇಷ್ಟು ನೀರನ್ನು ಕೆಲವೇ ಗಂಟೆಗಳಲ್ಲಿ ಒಯ್ಯುತ್ತದೆ: ಒಂದು ಲಕ್ಷ ಕ್ಯೂಸೆಕ್ ಹರಿವಿದ್ದರೆ ಅರ್ಧ ಟಿಎಂಸಿ ದಾಟಲು ಒಂದೂವರೆ ಗಂಟೆಯೂ ಬೇಡ. ಬೇಸಿಗೆಯಲ್ಲಿ ಕೊಯ್ನಾದಿಂದ ನದಿಗುಂಟ ಬಿಟ್ಟ ನೀರು ಒಣಗಿದ ಪಾತ್ರ ತೋಯಿಸಿ, ಬಾಂದಾರಗಳನ್ನು ಒಂದೊಂದಾಗಿ ತುಂಬಿಸಿ, ದಂಡೆಯ ಪಂಪ್‌ಸೆಟ್‌ಗಳನ್ನು ದಾಟಿ ಬರಬೇಕು. ಆ ನೀರನ್ನು ಕುಡಿಯಲು ಉಳಿಸಿಕೊಳ್ಳಲೆಂದು ಆಡಳಿತ ದಂಡೆಯ ಪಂಪ್‌ಸೆಟ್‌ಗಳ ವಿದ್ಯುತ್ ಕಡಿತ ಮಾಡುತ್ತದೆ, ರೈತನ ಕಬ್ಬು ಒಣಗುತ್ತದೆ. ಕುಡಿಯುವ ನೀರು ನದಿಯ ಹೊರಗೆ ಬೇರೆಯಾಗಿ ಕೂಡಿದ್ದರೆ ಈ ಜಗಳಕ್ಕೆ ಅವಕಾಶವೇ ಕಡಿಮೆ.

ಇಂಥ ವ್ಯವಸ್ಥೆ ಕರ್ನಾಟಕಕ್ಕೆ ಹೊಸದಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ರಾಯಚೂರು, ಸಿಂಧನೂರು, ಮಾನ್ವಿ ಭಾಗದಲ್ಲಿ ಕಾಲುವೆ ಬಂದಾಗುವ ಮುಂಚೆ ಕುಡಿಯುವ ನೀರಿನ ಕೆರೆಗಳನ್ನು ತುಂಬಿಸಿಕೊಳ್ಳುವುದು ರೂಢಿ. ಈ ಸೀಮೆಯಲ್ಲೇ ನಿಪ್ಪಾಣಿ ಪಟ್ಟಣಕ್ಕೆ ವೇದಗಂಗೆಯ ಜೊತೆಗೆ ಜವಾಹರ ಕೆರೆಯ ಆಧಾರವಿದೆ. ಅಥಣಿ, ಕಾಗವಾಡಗಳ ನದಿಯಿಂದ ದೂರದ ಪೂರ್ವ ಭಾಗದಲ್ಲಿ ತೆಲಸಂಗ, ಐಗಳಿ, ಮದಭಾವಿ ಕಡೆಯ ಹಳ್ಳಿಗಳಿಗೆ ಮಳೆ ಬಂದಾಗಷ್ಟೇ ಹರಿಯುವ ಅಗ್ರಾಣಿಯನ್ನು ನಂಬುವಂತಿಲ್ಲ. ಅಲ್ಲಿ ಏತ ನೀರಾವರಿಯ ಕೊಳವೆಗಳಿಂದ ಕೆರೆ ತುಂಬಿಸುವಾಗಲೇ ಒಂದು ಕೆರೆಯನ್ನು ಕುಡಿಯಲು ಮೀಸಲಿಡುವುದು ಅಗ್ಗದ ದಾರಿ. ಚಿಕ್ಕೋಡಿಯ ದಕ್ಷಿಣದ ನಾಗರಮುನ್ನೋಳಿ, ಕಬ್ಬೂರ ಸುತ್ತಿಗೂ ರಾಯಬಾಗದ ಒಳಭಾಗಕ್ಕೂ ಹಿಡಕಲ್ ಜಲಾಶಯದ ಕಾಲುವೆಗಳು ಕೃಷ್ಣೆಗಿಂತ ಅನುಕೂಲ, ಏಕೆಂದರೆ ಹಿಡಕಲ್‌ನ ಪೂರ್ಣ ಮಟ್ಟ ಸುಮಾರು 663 ಮೀಟರ್, ಕೃಷ್ಣೆಯ ಪಾತ್ರಕ್ಕಿಂತ ಬಹಳ ಮೇಲೆ.

ಕೆರೆಯ ತಳಕ್ಕೆ ಸ್ಥಳೀಯ ಎರೆಮಣ್ಣನ್ನೇ ನೆಚ್ಚುವ ವಾಡಿಕೆಯಿದೆ. ಒದ್ದೆಯಿದ್ದಾಗ ಅದು ನೀರನ್ನು ಚೆನ್ನಾಗಿ ತಡೆಯುತ್ತದೆ. ಮೇ ತಿಂಗಳಲ್ಲಿ ಕೆರೆ ಇಳಿದು ಇಳಿಜಾರು ಒಣಗಿದರೆ ಮೊಣಕಾಲುದ್ದ ಬಿರುಕು ಬಿಡುತ್ತದೆ. ಎರೆಮಣ್ಣಿನ ಪದರದ ಮೇಲೆ ಗರಸು ಹೊದಿಸಿ ಕಲ್ಲು ಹಾಸುವುದು, ಇಲ್ಲವೇ ಪ್ಲಾಸ್ಟಿಕ್ ಹಾಳೆ ಹಾಸಿ ಅದರ ಮೇಲೆ ಮಣ್ಣು ಮುಚ್ಚುವುದು ಇದಕ್ಕೆ ಪರಿಹಾರ. ಕಪ್ಪುನೆಲದಲ್ಲಿ ಕೊಳವೆ ಹೂಳುವಾಗಲೂ ಸುತ್ತ ಗರಸು ತುಂಬದಿದ್ದರೆ ನೆಲ ಉಬ್ಬಿ ಕುಗ್ಗಿ ಜೋಡಣೆಗಳು ಬಿಚ್ಚಿಕೊಳ್ಳುತ್ತವೆ.

ಯಾವಾಗ ಎತ್ತಬೇಕು

ಜೂನಿನ ಮೊದಲ ಹೊಸ ನೀರನ್ನು ಎತ್ತಬಾರದು. ವರ್ಷವಿಡೀ ಪಾತ್ರದಲ್ಲಿ ಕೂಡಿದ್ದ ಕೊಳೆ, ಹೊಲದ ಗೊಬ್ಬರ, ಮೇಲಿನ ಊರುಗಳ ಚರಂಡಿ ಎಲ್ಲ ಅದರಲ್ಲಿರುತ್ತದೆ. ಪಂಚಗಂಗೆಯ ದಂಡೆಯಲ್ಲಿ ಕೊಲ್ಲಾಪುರ ನಗರವೂ ಇಚಲಕರಂಜಿಯ ಬಣ್ಣದ ಕಾರ್ಖಾನೆಗಳೂ ಇವೆ. 2012ರಲ್ಲಿ ಇಚಲಕರಂಜಿಯಲ್ಲೇ ನೀರಿನಿಂದ ಹರಡುವ ಹೆಪಟೈಟಿಸ್ ಇ ಕಾಮಾಲೆ ಸಾವಿರಾರು ಜನರಿಗೆ ತಗಲಿತು. ಜುಲೈ–ಆಗಸ್ಟಿನ ನೀರು ಕೆಂಪು ರಾಡಿ. ಚಳಿಗಾಲದಲ್ಲಿ ಸಕ್ಕರೆ ಕಾರ್ಖಾನೆಗಳು ಕಬ್ಬು ನುರಿಸುತ್ತವೆ, ನದಿಯ ಹರಿವು ಇಳಿದಿರುತ್ತದೆ. ಕಾರ್ಖಾನೆಯ ನೀರು ಸೇರಿದರೆ ಕರಗಿದ ಆಮ್ಲಜನಕ ಕುಸಿದು ಮೀನು ಸಾಯುತ್ತವೆ. ಉಳಿಯುವುದು ಸೆಪ್ಟೆಂಬರ್ ಮಧ್ಯದಿಂದ ನವೆಂಬರ್ ವರೆಗಿನ ಅವಧಿ: ಪೂರ ಇಳಿದಿದೆ, ಹರಿವು ಇನ್ನೂ ತುಂಬಿದೆ, ರಾಡಿ ಕಡಿಮೆ. ಕೆರೆಯನ್ನು ತುಂಬಿಸಬೇಕಾದ್ದು ಆಗಲೇ. ಎಪ್ಪತ್ತೈದು ದಿನದ ನೀರನ್ನು ಅರವತ್ತು ದಿನದಲ್ಲಿ, ದಿನದ ಬಳಕೆಯ ಜೊತೆಗೇ ಎತ್ತಬೇಕಾದ್ದರಿಂದ ಪಂಪು, ಕೊಳವೆಗಳ ಗಾತ್ರ ದಿನದ ಬೇಡಿಕೆಯ ಎರಡೂಕಾಲು ಪಟ್ಟಿರಬೇಕು. ಅಂದಾಜುಪಟ್ಟಿಯಲ್ಲಿ ಹಣ ಉಳಿಸಲು ಮೊದಲು ಕತ್ತರಿ ಬೀಳುವುದು ಇಲ್ಲಿಗೇ, ಆಮೇಲೆ ಕೆರೆ ಅರ್ಧ ತುಂಬುತ್ತದೆ.

ನೀರೆತ್ತುವ ಜಾಕ್‌ವೆಲ್‌ನ ತಳ ಬೇಸಿಗೆಯ ಅತಿ ಕೆಳಮಟ್ಟಕ್ಕಿಂತ ಕೆಳಗೂ, ಮೋಟಾರು ಕೂರುವ ನೆಲ 2019ರ ಪೂರದ ಗುರುತಿಗಿಂತ ಮೇಲೂ ಇರಬೇಕು. ಟ್ರಾನ್ಸ್‌ಫಾರ್ಮರ್, ಪ್ಯಾನೆಲ್, ಹೋಗುವ ಕಾಲುಸೇತುವೆ ಮೂರೂ ಅದೇ ಎತ್ತರದಲ್ಲಿರಬೇಕು. ಮೋಟಾರು ಮೇಲಿದ್ದು ಟ್ರಾನ್ಸ್‌ಫಾರ್ಮರ್ ದಂಡೆಯಲ್ಲಿದ್ದರೆ ಸುತ್ತಲೆಲ್ಲ ನೀರಿದ್ದರೂ ಊರಿಗೆ ನೀರಿಲ್ಲ. ನದಿ ಬೇರೆಬೇರೆ ಮಟ್ಟದಲ್ಲಿ ಬೇರೆಬೇರೆ ಗುಣದ್ದಾಗಿರುವುದರಿಂದ ಬಾವಿಗೆ ಎರಡು-ಮೂರು ಎತ್ತರದಲ್ಲಿ ಕಿಂಡಿ ಬೇಕು. ಮರಳಿನ ಪಾತ್ರದೊಳಗೇ ಬಾವಿ ತೋಡಿ ಸೋಸಿದ ನೀರನ್ನು ಪಡೆಯುವ ಉಪಾಯವೂ ಉಂಟು. ಸರ್ ಎಂ. ವಿಶ್ವೇಶ್ವರಯ್ಯನವರು 1890ರ ದಶಕದಲ್ಲಿ ಮುಂಬಯಿ ಪ್ರಾಂತ್ಯದ ಎಂಜಿನಿಯರಾಗಿ ಸಕ್ಕರ್ ಪಟ್ಟಣಕ್ಕೆ ಸಿಂಧೂ ನದಿಯ ಪಾತ್ರದಲ್ಲಿ ಹೀಗೆಯೇ ನೀರು ತಂದರು. ಮರಳು ಉಳಿದ ಕಡೆ ಸಣ್ಣ ಊರುಗಳಿಗೆ ಇದು ಇಂದಿಗೂ ಒಗ್ಗುತ್ತದೆ. ಮರಳು ತೆಗೆದು ಬರೀ ಬಂಡೆ, ಕೆಸರು ಉಳಿದಲ್ಲಿ ಒಗ್ಗುವುದಿಲ್ಲ.

ವಿದ್ಯುತ್ತಿನ ಖರ್ಚನ್ನೂ ಮೊದಲೇ ಎಣಿಸಬೇಕು. ಚಿಕ್ಕೋಡಿ ಪಟ್ಟಣ ಸಮುದ್ರಮಟ್ಟದಿಂದ ಸುಮಾರು 680 ಮೀಟರ್ ಎತ್ತರದಲ್ಲಿದೆ, ಕೃಷ್ಣೆಗಿಂತ ಹತ್ತಿರಹತ್ತಿರ 150 ಮೀಟರ್ ಮೇಲೆ. ಸಾವಿರ ಲೀಟರನ್ನು ಅಷ್ಟು ಎತ್ತರಕ್ಕೆ ಏರಿಸಲು ಪಂಪಿನ ನಷ್ಟವೂ ಸೇರಿ 0.6 ಯೂನಿಟ್‌ನಷ್ಟು ವಿದ್ಯುತ್ ಬೇಕು. ಸೋರುವ ಪ್ರತಿ ಹನಿಯ ಜೊತೆ ಅದನ್ನು ಏರಿಸಿದ ವಿದ್ಯುತ್ತೂ ಸೋರುತ್ತದೆ.

ಶುದ್ಧೀಕರಣದ ಹಂತಗಳು

ಕೆರೆಯಲ್ಲಿ ನಿಲ್ಲುವುದೇ ಮೊದಲ ಶುದ್ಧೀಕರಣ. ಲಂಡನ್ ನಗರದ ನೀರು ಮಂಡಳಿಯ ಅಲೆಕ್ಸಾಂಡರ್ ಹೂಸ್ಟನ್ ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಕೆಲವು ವಾರ ನಿಂತ ನದಿನೀರಿನಲ್ಲಿ ವಿಷಮಶೀತ ಜ್ವರದ ರೋಗಾಣುಗಳು ಬಹುಪಾಲು ಸಾಯುತ್ತವೆಂದು ತೋರಿಸಿದರು. ರಾಡಿಯೂ ಇಳಿಯುತ್ತದೆ. ಹೀಗಾಗಿ ರಾಡಿ ತಂಗಿಸಲು ಹಾಕುವ ಪಟಕವೂ (ಆಲಂ) ಉಳಿಯುತ್ತದೆ: ಮೇಲೆ ಹೇಳಿದ 65 ಲಕ್ಷ ಲೀಟರ್ ನೀರಿಗೆ ಲೀಟರಿಗೆ 60 ಮಿಲಿಗ್ರಾಂ ಹಾಕಬೇಕಾದಲ್ಲಿ ದಿನಕ್ಕೆ 390 ಕಿಲೊ ಬೇಕು, ನಿಂತ ನೀರಿಗೆ 20 ಮಿಲಿಗ್ರಾಂ ಸಾಕಾದರೆ 130 ಕಿಲೊ. ಆದರೆ ನಿಂತ ನೀರಿಗೆ ಪಾಚಿಯ ಕಾಟವಿದೆ. ಕಬ್ಬಿನ ಹೊಲದ ಗೊಬ್ಬರದ ಅಂಶ ಬಂದ ನೀರಿನಲ್ಲಿ ಬಿಸಿಲೇರಿದಂತೆ ಪಾಚಿ ಕಟ್ಟಿ ವಾಸನೆ ಬರುತ್ತದೆ, ಸೋಸುವ ಮರಳು ಬೇಗ ಕಟ್ಟಿಕೊಳ್ಳುತ್ತದೆ. ಕೆರೆಯ ಆಳ ಹೆಚ್ಚಿಸಿ ಹರವು ಕಡಿಮೆ ಮಾಡುವುದು, ಪಾಚಿ ತೇಲುವ ಮೇಲ್ಪದರ ಬಿಟ್ಟು ಕೆಳಗಿನ ಮಟ್ಟದಿಂದ ನೀರು ತೆಗೆಯುವುದು ಔಷಧ ಸುರಿಯುವುದಕ್ಕಿಂತ ಮೇಲು.

ಮುಂದಿನದು ಎಲ್ಲ ಕಡೆ ಇರುವ ಕ್ರಮ. ಮೆಟ್ಟಿಲ ಮೇಲಿಂದ ನೀರು ಧುಮುಕಿಸಿ ಗಾಳಿ ಬೆರೆಸುತ್ತಾರೆ. ಪಟಕ ಹಾಕಿ ಒಂದು ನಿಮಿಷದೊಳಗೆ ರಭಸವಾಗಿ ಕಲಕುತ್ತಾರೆ, ಆಮೇಲೆ 20ರಿಂದ 30 ನಿಮಿಷ ನಿಧಾನವಾಗಿ ತಿರುಗಿಸಿದಾಗ ಕಣಗಳು ಗಂಟುಗಟ್ಟುತ್ತವೆ. ಘಟಕ ದಿನಕ್ಕೆ 22 ಗಂಟೆ ನಡೆಯುತ್ತದೆಂದು ಹಿಡಿದರೆ, ಎರಡೂವರೆ ಗಂಟೆ ತಂಗಿಸುವ ತೊಟ್ಟಿಗೆ ನಮ್ಮ ಉದಾಹರಣೆಯಲ್ಲಿ ಸುಮಾರು 740 ಘನಮೀಟರ್ ಬೇಕು. ಬಳಿಕ 60–75 ಸೆಂಟಿಮೀಟರ್ ದಪ್ಪದ ಮರಳಿನ ಹಾಸಿನಲ್ಲಿ ಗಂಟೆಗೆ 5 ಮೀಟರಿನ ವೇಗದಲ್ಲಿ ಸೋಸಬೇಕು. ಅದಕ್ಕೆ ಒಟ್ಟು 60 ಚದರ ಮೀಟರ್, ಅಂದರೆ 15 ಚದರ ಮೀಟರಿನ ನಾಲ್ಕು ಹಾಸು, ಒಂದನ್ನು ತೊಳೆಯುವಾಗ ಬಳಸಲು ಐದನೆಯದು. ಐದನೆಯದನ್ನು ಬಿಟ್ಟ ಘಟಕದಲ್ಲಿ ಹಾಸು ತೊಳೆಯುವುದನ್ನು ಮುಂದೂಡುತ್ತಾ ಹೋಗುತ್ತಾರೆ. ಕೊನೆಗೆ ಕ್ಲೋರಿನ್: ಲೀಟರಿಗೆ 2 ಮಿಲಿಗ್ರಾಂನಂತೆ ದಿನಕ್ಕೆ 13 ಕಿಲೊ, ಬ್ಲೀಚಿಂಗ್ ಪೌಡರ್ ಆದರೆ 43 ಕಿಲೊದಷ್ಟು. ಕ್ಲೋರಿನ್ ಬೆರೆತ ನೀರು ಅರ್ಧ ಗಂಟೆಯಾದರೂ ನಿಂತ ಮೇಲೆ ಮುಂದೆ ಹೋಗಬೇಕು. ಐಎಸ್ 10500 ಮಾನಕದಂತೆ ಕಲಕು 1 ಎನ್‌ಟಿಯು ಒಳಗಿರಬೇಕು, ಬೇರೆ ಮೂಲವಿಲ್ಲದಿದ್ದರೆ 5ರ ವರೆಗೆ ಸಹಿಸಬಹುದು. ಉಳಿದ ಕ್ಲೋರಿನ್ ಲೀಟರಿಗೆ 0.2 ಮಿಲಿಗ್ರಾಂಗಿಂತ ಕಡಿಮೆ ಇರಬಾರದು. ಈ ಕೊನೆಯ ಅಂಕಿಯನ್ನು ಘಟಕದ ಬಾಗಿಲಲ್ಲಿ ಅಳೆದು ಬರೆದರೆ ಸಾಲದು, ಕೊನೆಯ ಓಣಿಯ ಕೊನೆಯ ನಳದಲ್ಲಿ ಅಳೆಯಬೇಕು.

ಇಷ್ಟೆಲ್ಲ ಮಾಡಿದರೂ ಉಪ್ಪು ಹೋಗುವುದಿಲ್ಲ, ನೈಟ್ರೇಟ್ ಹೋಗುವುದಿಲ್ಲ. ಕೃಷ್ಣೆಯ ದಂಡೆಯುದ್ದಕ್ಕೂ ಅತಿ ನೀರು ಕುಡಿದ ಕಬ್ಬಿನ ನೆಲಗಳು ಸವಳು-ಜವಳಾಗಿವೆ, ಅಲ್ಲಿನ ಕೊಳವೆಬಾವಿಯ ನೀರು ಬಾಯಿಗೆ ಒಗರು. ಅದಕ್ಕೆಂದೇ ಹಳ್ಳಿಹಳ್ಳಿಯಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳು ಬಂದವು, ಜನ ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುತ್ತಾರೆ. ಆದರೆ ಅವು ಎತ್ತಿದ ನೀರಿನ ದೊಡ್ಡ ಪಾಲನ್ನು ಇನ್ನಷ್ಟು ಉಪ್ಪಾಗಿಸಿ ಚರಂಡಿಗೆ ಬಿಡುತ್ತವೆ. ಒಳ್ಳೆಯ ತಿಂಗಳಲ್ಲಿ ಎತ್ತಿ ಕೂಡಿಟ್ಟ ನದಿನೀರಿಗೆ ಈ ಯಂತ್ರ ಬೇಕಾಗಿಯೇ ಇಲ್ಲ.

ಘಟಕದಿಂದ ನಳದವರೆಗೆ

ಶುದ್ಧವಾದ ನೀರು ಕೆಡುವುದು ಬಹುಮಟ್ಟಿಗೆ ದಾರಿಯಲ್ಲಿ. ಇದೇ ಜಿಲ್ಲೆಯ ರಾಮದುರ್ಗ ತಾಲ್ಲೂಕಿನ ಮುದೇನೂರಿನಲ್ಲಿ 2022ರ ಅಕ್ಟೋಬರ್‌ನಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು, ಹಲವರು ಆಸ್ಪತ್ರೆ ಸೇರಿದರು. ಅದೇ ವರ್ಷ ಬೇಸಿಗೆಯಲ್ಲಿ ರಾಯಚೂರು ನಗರದಲ್ಲೂ ಹೀಗೆಯೇ ಸಾವುಗಳಾದವು. ಎರಡು ದಿನಕ್ಕೊಮ್ಮೆ, ವಾರಕ್ಕೊಮ್ಮೆ ನೀರು ಬಿಟ್ಟಾಗ ನಡುವಿನ ಹೊತ್ತಿನಲ್ಲಿ ಕೊಳವೆ ಖಾಲಿಯಾಗುತ್ತದೆ, ಗಟಾರದ ನೀರು ಬಿರುಕಿನಿಂದ ಒಳಗೆ ಇಳಿಯುತ್ತದೆ. ಗಟಾರ ದಾಟುವಲ್ಲೆಲ್ಲ ಕೊಳವೆಯನ್ನು ಅದರ ಮೇಲಿಂದ, ಕವಚದೊಳಗೆ ಒಯ್ಯಬೇಕು. ಊರಿನ ಟಾಕಿಯಲ್ಲಿ ದಿನದ ಬೇಡಿಕೆಯ ಮೂರನೇ ಒಂದರಿಂದ ಅರ್ಧದಷ್ಟು ನೀರು ಹಿಡಿಯಬೇಕು. ಅದನ್ನು ಕಾಲಕಾಲಕ್ಕೆ ತೊಳೆಯಬೇಕು, ತೊಳೆದ ತಾರೀಖನ್ನು ಟಾಕಿಯ ಮೇಲೇ ಬರೆಯಬೇಕು.

ಇದನ್ನೆಲ್ಲ ಮಾಡುವವನು ಗ್ರಾಮ ಪಂಚಾಯತಿಯ ವಾಟರ್‌ಮನ್. ಯೋಜನೆಗೆ ಕೋಟಿಗಟ್ಟಲೆ ಸುರಿದು ಅವನ ಸಂಬಳವನ್ನು ತಿಂಗಳುಗಟ್ಟಲೆ ತಡೆಹಿಡಿಯುವುದು ಅನ್ಯಾಯ ಮಾತ್ರವಲ್ಲ, ಯೋಜನೆಗೂ ಅಪಾಯ. ನೀರಿನ ಕ್ಲೋರಿನ್ ಅಳೆಯುವ ಕಿಟ್ ಅವನ ಕೈಯಲ್ಲಿರಬೇಕು, ಅಳೆದ ಅಂಕಿಯನ್ನು ಊರವರು ಓದುವ ಕಡೆ ಬರೆಯುವ ಅಧಿಕಾರವೂ ಅವನಿಗಿರಬೇಕು.

ಹಕ್ಕು ಮತ್ತು ಆದ್ಯತೆ

1987ರ ರಾಷ್ಟ್ರೀಯ ಜಲನೀತಿಯಿಂದ ಈಚೆಗೆ ಕುಡಿಯುವ ನೀರಿಗೆ ಮೊದಲ ಸ್ಥಾನ. ಕೃಷ್ಣಾ ಜಲವಿವಾದದ ಬಚಾವತ್ ನ್ಯಾಯಮಂಡಳಿ ಕರ್ನಾಟಕಕ್ಕೆ 700 ಟಿಎಂಸಿ ಹಂಚಿತು, ಜೊತೆಗೆ ಊರಿನ ಬಳಕೆಗೆ ಎತ್ತಿದ ನೀರಿನಲ್ಲಿ ಶೇ 20ನ್ನು ಮಾತ್ರ ಖರ್ಚೆಂದು ಎಣಿಸಬೇಕೆಂದಿತು. ಉಳಿದದ್ದು ಹೇಗೂ ನದಿಗೆ ಮರಳುತ್ತದೆ ಎಂಬ ತರ್ಕ ಅದು. ಹೀಗಾಗಿ ಅರ್ಧ ಟಿಎಂಸಿಯ ಕೆರೆಗಳು ರಾಜ್ಯದ ಪಾಲಿನಲ್ಲಿ ಕಾಣುವಷ್ಟು ಜಾಗವನ್ನೂ ಹಿಡಿಯುವುದಿಲ್ಲ. ಇಚಲಕರಂಜಿಗೆ ದೂಧಗಂಗೆಯಿಂದ ನೀರೊಯ್ಯುವ ಸುಳಕೂಡ ಯೋಜನೆಗೆ ಗಡಿಯ ಎರಡೂ ಬದಿಯ ರೈತರು ವಿರೋಧಿಸಿರುವಾಗ ಈ ಮಾತು ಮುಖ್ಯ. ಮೇಲಿನ ಊರುಗಳೂ ಬಾಯಾರಿವೆ, ಬೇಸಿಗೆಯ ಹರಿವು ಹೆಚ್ಚುವ ಸಂಭವ ಕಡಿಮೆ.

ಆದ್ದರಿಂದ ಹೊಸ ಬಹುಗ್ರಾಮ ಯೋಜನೆಯ ನೀಲನಕ್ಷೆ ಊರಿಗೆ ಬಂದಾಗ ಗ್ರಾಮಸಭೆಯಲ್ಲಿ ಕುಳಿತವರು ನಾಲ್ಕು ಪ್ರಶ್ನೆ ಕೇಳಬೇಕು. ನದಿ ನಿಂತರೆ ಎಷ್ಟು ದಿನದ ನೀರು ಕೆರೆಯಲ್ಲಿರುತ್ತದೆ? ದನಕರುಗಳನ್ನು ಎಣಿಸಿದ್ದೀರಾ? 2019ರ ಪೂರದ ಗುರುತು ಪಂಪ್‌ಹೌಸಿನ ಗೋಡೆಯಲ್ಲಿ ಎಲ್ಲಿ ಬರುತ್ತದೆ? ಕೆರೆಯ ನೀರನ್ನು ಹೊಲಕ್ಕೆ ಬಿಡದಂತೆ ಬೀಗ ಯಾರ ಕೈಯಲ್ಲಿರುತ್ತದೆ? ಮೊದಲ ಪ್ರಶ್ನೆಗೆ ಉತ್ತರ ಎಪ್ಪತ್ತೈದು ದಿನಕ್ಕಿಂತ ಕಡಿಮೆಯಿದ್ದರೆ ಆ ಯೋಜನೆಗೆ ಒಪ್ಪಿಗೆ ಕೊಡಬೇಡಿ.